'ಇಲ್ಲ' ಅನ್ನಾಕ ಕಲಿಸಿದ ಅಕ್ಕೋರು

ಸುದ್ದಿ ಬಂದಾಗ ನನ್ನ ಎರಡೂ ಕೈ ಮುಂಗೈತನಕ ಜೋಳದ ಹಿಟ್ಟಿನಲ್ಲಿದ್ದವು. ಒಲೆಯ ಮೇಲೆ ಹಂಚು ಕಾಯುತ್ತಿತ್ತು. ತವರಿನಿಂದ ತಮ್ಮ ಬಂದಿದ್ದ. ಹುಕ್ಕೇರಿಯಿಂದ ಮೂಡಲಗಿತನಕ ಮೋಟಾರಿನಲ್ಲಿ ತಿಂದ ಧೂಳು ಕೊಡವಿಕೊಂಡು, ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು, ನೀರು ಕುಡಿದು, ತಂಬಿಗೆ ಕೆಳಗಿಟ್ಟು ಹೇಳಿದ.

"ಅಕ್ಕಾ, ನಿಮ್ಮ ಸಾಲಿ ಅಕ್ಕೋರು ಹೋದ್ರಂತ. ಗೋಕಾವ್ಯಾಗ, ಅವರ ತಮ್ಮನ ಮನ್ಯಾಗ."

ನಾನು ನನ್ನ ಕೈ ನೋಡಿಕೊಂಡೆ. ಅಕ್ಕೋರ ಕೈಯೂ ಹೀಗೇ ಬೆಳ್ಳಗಿರುತ್ತಿತ್ತು. ಅದು ಹಲಗೆಗೆ ಬರೆಯುವ ಖಡುವಿನ ಪುಡಿ. ನನ್ನ ಕೈಗೆ ಹತ್ತಿದ ಹಿಟ್ಟು ಬಳೆಯ ಹತ್ತಿರ ಬಂದು ನಿಂತಿತ್ತು. ಅವರ ಕೈಯಲ್ಲಿ ತಡೆಯಲಿಕ್ಕೆ ಬಳೆಯೇ ಇರಲಿಲ್ಲ. ಹಲಗೆ ಒರೆಸಿ ಒರೆಸಿ ಪುಡಿ ಮೊಣಕೈತನಕ ಏರಿರುತ್ತಿತ್ತು.

"ಸಾವಕಾರ್ರು ಸಾಲಿ ಅಂಗಳದಾಗ ಸಭಾ ಮಾಡಿದ್ರು" ಅಂದ ತಮ್ಮ.

"ಯಾವ ಸಾವಕಾರ್ರು?"

"ನಮ್ಮೂರಾಗ ಎಷ್ಟ ಮಂದಿ ಸಾವಕಾರ್ರು ಅದಾರ? ಅವರ. 'ನಮ್ಮ ಹೆಣ್ಣಮಕ್ಕಳಿಗೆ ಅಂಕಿ ಕಲಿಸಿದ ಮಹಾತಾಯಿ, ಆಕೀನ ಕಳಕೊಂಡು ಊರು ಬಡವಾತು' ಅಂದ್ರು. ಶಾಲಿನ ತುದೀಲೆ ಕಣ್ಣೂ ಒರಸಿಕೊಂಡ್ರು."

ಹಿಟ್ಟಿನ ಮುದ್ದೆಗೆ ನಾನು ಗುದ್ದಿದ ಸಪ್ಪಳಕ್ಕೆ ಪಡಸಾಲೆಯಿಂದ ಅತ್ತೆ ಕೇಳಿದರು: "ಏನಾತವಾ?"

"ಏನಿಲ್ರಿ, ನಾದಾಕತ್ತೇನ್ರಿ" ಅಂದೆ.

ನಾನು ಸಿಟ್ಟಿನ ಹೆಂಗಸಲ್ಲ. ಸಂಜೆ ದೇವರ ಜಗಲಿಗೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಆ ದಿನ ಶಿವ ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವವಳು. ಹಾಲು ಒಡೆಯಲಿಲ್ಲ. ಕಂಟ್ರೋಲ್ ಅಂಗಡಿಯ ಜೋಳದಲ್ಲಿ ಹುಳ ಕಡಿಮೆ ಇತ್ತು. ಅತ್ತೆಯ ಮೊಣಕಾಲು ನೋವು ಇಳಿಯಿತು. ಇಷ್ಟಾದರೂ ಕೊಟ್ಟೆಯಲ್ಲಪ್ಪಾ ಎಂದು ಕೈ ಮುಗಿದು ಏಳುತ್ತೇನೆ. ಆದರೆ ಆ ಸಾವಕಾರರ ಕಣ್ಣೀರನ್ನು ಉಪಕಾರದ ಲೆಕ್ಕಕ್ಕೆ ಹಿಡಿ ಎಂದರೆ ನನ್ನಿಂದಾಗದು. ಅಕ್ಕೋರನ್ನು ಊರು ಕಳೆದುಕೊಳ್ಳಲಿಲ್ಲ. ಊರು ಅವರನ್ನು ಹೊರಗೆ ಹಾಕಿತು. ಹಾಕುವಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಹುಕ್ಕೇರಿಯ ಬಾಜೂಕಿನ ನಮ್ಮ ಊರಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಸಾಲಿ ಆಗಿತ್ತು. ಸಾಲಿ ಎಂದರೆ ಒಂದೇ ಪಡಸಾಲೆ, ಒಂದು ಕರಿಹಲಗೆ, ಒಬ್ಬರು ಅಕ್ಕೋರು. ಧಾರವಾಡದ ಕಡೆ ಟ್ರೇನಿಂಗ್ ಮುಗಿಸಿ ಬಂದಿದ್ದರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತವರು ಗೋಕಾವಿ, ಅಂದರೆ ಗೋಕಾಕ. ಅಲ್ಲಿಯ ಗೊಂಬೆ ಮಾಡುವವರಿಂದ ಕಟ್ಟಿಗೆಯ ಹಣ್ಣು ತಂದು ಬುಟ್ಟಿಯಲ್ಲಿಟ್ಟಿದ್ದರು. ಮಾವು, ಬಾಳೆ, ಸೀತಾಫಲ. ಬಣ್ಣ ನೋಡಿದರೆ ಕಚ್ಚಬೇಕು ಅನ್ನಿಸುತ್ತಿತ್ತು. ಹೊಸದಾಗಿ ಬಂದ ಹುಡುಗಿಯರು ಕಚ್ಚಿಯೂ ಕಚ್ಚಿದ್ದರು. ಒಂದು ಮಾವಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

ಅಕ್ಕೋರಿಗೆ ನಶ್ಯದ ಚಟ. ಸೆರಗು ಮರೆಮಾಡಿ ಏರಿಸುತ್ತಿದ್ದರು, ಸೀನು ಮಾತ್ರ ಮರೆಯಾಗುತ್ತಿರಲಿಲ್ಲ. ನಾವು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರೆ, ಮೂಗು ಒರೆಸಿಕೊಂಡು, "ನಗೂದಾತ? ಹಂಗಾರ ಮುಂಜಾನಿ ಎಷ್ಟ ಸೀನಿದೆ, ಈಗ ಎಷ್ಟ ಸೀನಿದೆ, ಕೂಡಸ್ರಿ" ಅನ್ನುತ್ತಿದ್ದರು. ಬೇರೀಜು ನಾವು ಕಲಿತದ್ದು ಹಾಗೆ.

ಪುಸ್ತಕದಲ್ಲಿ ಬೇರೀಜು, ವಜಾಬಾಕಿ, ಗುಣಾಕಾರ, ಭಾಗಾಕಾರ ಎಂದು ಇರುತ್ತಿತ್ತು. ಆ ಮಾತುಗಳನ್ನು ಅವರು ಮೊದಲಿಗೇ ಹಲಗೆಯ ಮೇಲೆ ಬರೆಯುತ್ತಿರಲಿಲ್ಲ. "ನಿಮ್ಮವ್ವ ಇದಕ್ಕ ಏನಂತಾಳ?" ಎಂದು ಕೇಳುತ್ತಿದ್ದರು. ಕೂಡಸೂದು ಅಂತಾಳ್ರಿ, ತಗಿಯೂದು ಅಂತಾಳ್ರಿ, ಮೂರ ಪಟ್ಟು ಅಂತಾಳ್ರಿ, ಪಾಲು ಹಚ್ಚೂದು ಅಂತಾಳ್ರಿ. ಆ ಮೇಲೆ ಪುಸ್ತಕದ ಮಾತು ಬರೆದು, "ಇದು ಸರಕಾರದ ಹೆಸರು, ಅದು ಮನಿ ಹೆಸರು. ಕೂಸು ಒಂದ" ಅನ್ನುತ್ತಿದ್ದರು. ಹೆಚ್ಚು, ಕಡಿಮೆ ಎಂಬ ಮಾತಿಗೆ ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಹೆರಳು ಅಳೆಯುತ್ತಿದ್ದರು.

'ಸಮ' ಎಂಬ ಮಾತು ಕಲಿಸಿದ ದಿನ ಇನ್ನೂ ನೆನಪಿದೆ. ನನ್ನ ಮುಂದೆ ಎಂಟು ಬೆಲ್ಲದ ಹಳಕು ಇಟ್ಟು, "ಇಬ್ರು ಅಣ್ಣಗೋಳು, ಇಬ್ರು ತಂಗೇರು. ಸಮಪಾಲು ಹಚ್ಚು" ಅಂದರು. ನಾನು ಗಂಡುಮಕ್ಕಳಿಗೆ ಮೂರು ಮೂರು, ಹೆಣ್ಣುಮಕ್ಕಳಿಗೆ ಒಂದೊಂದು ಇಟ್ಟು ಕೈ ಝಾಡಿಸಿದೆ. ನಮ್ಮ ಮನೆಯಲ್ಲಿ ಹಂಚುವುದೇ ಹಾಗಿತ್ತು. ತಪ್ಪು ಎಲ್ಲಿದೆ ಎಂದು ನನಗೆ ತಿಳಿಯಲೇ ಇಲ್ಲ. ಅಕ್ಕೋರು ಬಯ್ಯಲಿಲ್ಲ. ಹಳಕುಗಳನ್ನು ತಾವೇ ಎರಡೆರಡು ಮಾಡಿ ಇಟ್ಟರು. "ಸಮ ಅಂದ್ರ ಇದು. ಗಂಡು ಹೆಣ್ಣು ನೋಡೂದು ಲೆಕ್ಕದ ಕೆಲಸಲ್ಲ" ಅಂದರು.

ಗೋಳು ಸುರುವಾದದ್ದು ಕಳೆಯುವ ಲೆಕ್ಕದಿಂದ.

ನಮ್ಮ ಕಡೆಯ ಮನೆಗಳಲ್ಲಿ ಏನಾದರೂ ತೀರಿದರೆ ತೀರಿತು ಅನ್ನುವಂತಿಲ್ಲ. ಉಪ್ಪು ಮುಗಿದರೆ 'ಉಪ್ಪು ಹೆಚ್ಚಾತು'. ಕುಂಕುಮದ ಭರಣಿ ಬರಿದಾದರೆ 'ಕುಂಕುಮ ಹೆಚ್ಚಾತು'. ಬಳೆ ಒಡೆದರೆ 'ಬಳಿ ಹೆಚ್ಚಿತು'. ದೀಪ ಆರಿಸಬೇಕಾದರೆ 'ದೀಪ ದೊಡ್ಡದು ಮಾಡು'. ಇಲ್ಲ ಎಂದು ಬಾಯಿಬಿಟ್ಟರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳೆಂದು ಹೆದರಿಕೆ. ಅದರಲ್ಲೂ ಹೆಣ್ಣುಮಕ್ಕಳ ಬಾಯಲ್ಲಿ ಆ ಮಾತು ಬರಲೇಬಾರದು. ಅಂದರೆ ಬಾಯಿಯ ಮೇಲೇ ಏಟು.

ಒಂದು ದಿನ ಅಕ್ಕೋರು ಕಟ್ಟಿಗೆಯ ಮಾವು ಐದು ಜೋಡಿಸಿಟ್ಟು, ಒಂದೊಂದಾಗಿ ಐದನ್ನೂ ತಮ್ಮ ಉಡಿಯಲ್ಲಿ ಹಾಕಿಕೊಂಡರು. "ಐದರಾಗ ಐದು ತಗದ್ವಿ. ಏನ ಉಳೀತು?"

ಕಡೆಗೆ ಸಾವಕಾರರ ಮಗಳು ಗಂಗಿ ಎದ್ದು ನಿಂತು ಅಂದಳು, "ಹೆಚ್ಚಾದುವ್ರಿ ಅಕ್ಕೋರ."

"ಎಲ್ಲಿ ಹೆಚ್ಚಾದುವು? ತೋರಸು."

ಗಂಗಿ ಬರಿಯ ಚಾಪೆ ನೋಡಿದಳು, ಅತ್ತುಬಿಟ್ಟಳು. "ಇಲ್ಲ ಅನಬಾರದ್ರಿ. ಅಪ್ಪಾ ಬಾಯಿ ಮ್ಯಾಲ ಹೊಡಿತಾರ್ರಿ."

ಅಕ್ಕೋರು ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಬರೆದರು. "ನೋಡ್ರವಾ, ಇದರ ಹೆಸರು ಸೊನ್ನಿ. ಏನೂ ಇಲ್ಲ ಅಂತ ಅರ್ಥ. ಇದನ್ನ ಅಂದ್ರ ಯಾರ ಮನೀನೂ ಹಾಳಾಗೂದಿಲ್ಲ. ಉಪ್ಪು ಇಲ್ಲ ಅಂದ್ರ ಯಾರರ ತರ್ತಾರ. ಹೆಚ್ಚಾತು ಅಂದ್ರ ಯಾರು ತರ್ತಾರ?"

ನಾವು ಸಾಲಾಗಿ ಕೂತು, ಹೆದರುತ್ತ ಹೆದರುತ್ತ, "ಐದರಾಗ ಐದು ತಗದ್ರ ಏನೂ ಇಲ್ಲ" ಅಂದೆವು. ಅಂದು ಮುಗಿಸಿ ಮೇಲೆ ಮಾಳಿಗೆಯ ಕಡೆ ನೋಡಿದೆವು. ಮಾಳಿಗೆ ಬೀಳಲಿಲ್ಲ. ಆ ಮೇಲೆ ಎಷ್ಟು ಖುಷಿ ಬಂತೆಂದರೆ ದಾರಿಯುದ್ದಕ್ಕೂ ಅದನ್ನೇ ಹಾಡಿನ ಹಾಗೆ ಅನ್ನುತ್ತ ಮನೆಗೆ ಹೋದೆವು.

ಮರುದಿನ ನನ್ನ ಅಜ್ಜಿ ಸಾಲಿಗೆ ಬಂದಳು. ಬಾಗಿಲಲ್ಲೇ ನಿಂತು ಕೈ ತಿರುವಿದಳು.

"ಏನಬೇ, ನಮ್ಮ ಕೂಸಿನ ಬಾಯಾಗ ಇಲ್ಲ ಇಲ್ಲ ಅನಸ್ತೀಯಂತ? ನಿಂದಂತೂ ಕಳೀತು. ನಮ್ಮ ಮಕ್ಕಳದೂ ಕಳೀಬೇಕಂತ ಬಂದಿಯೇನ?"

ನಾನು ಅಕ್ಕೋರ ಮುಖ ನೋಡಲಾರದೆ ಅವರ ಕೈ ನೋಡಿದೆ. ಖಡು ಹಿಡಿದ ಬೆರಳು ಅಲುಗಲಿಲ್ಲ.

"ಒಳಗ ಬರ್ರಿ, ಆಯಿ" ಅಂದರು. ಅಜ್ಜಿ ಬರಲಿಲ್ಲ. ಅಕ್ಕೋರೇ ಬಾಗಿಲತನಕ ಹೋದರು. ನಮಗೆ ಕೇಳಿಸಬಾರದೆಂದು ಸಣ್ಣ ದನಿಯಲ್ಲೇ ಮಾತಾಡಿದರು, ಆದರೆ ನಾನು ಮುಂದಿನ ಸಾಲಿನವಳು.

"ನಾ ಇವರಷ್ಟ ಸಣ್ಣಾಕಿ ಇದ್ದೆ, ಆಯಿ. ಒಂದ ದಿನ ಮನಿ ತುಂಬ ಮಂದಿ ಸೇರಿದ್ರು. ಯಾರೂ ನನಗ ಏನಂತ ಹೇಳಲಿಲ್ಲ. ನನ್ನ ಕೂಡಿಸಿ, ಕೈ ಹಿಡದು, ಬಳಿ ಒಡದ್ರು. ಬಳಿ ಎಲ್ಲಿ ಅಂತ ಕೇಳಿದೆ. 'ಹೆಚ್ಚಿದುವು ಮಗಳ' ಅಂದ್ರು. ನಾ ಮುಂಗೈ ನೋಡಿಕೊಂಡೆ. ಒಂದೂ ಇರಲಿಲ್ಲ. ಹೊಸಾವು ಬರ್ತಾವೇನೋ ಅಂತ ದೀಪಾವಳಿತನಕ ಹಾದಿ ನೋಡಿದೆ. ಗಂಡ ಸತ್ತಾನ, ಇನ್ನ ಬಳಿ ಇಲ್ಲ ಅಂತ ಒಬ್ಬರರ ಖರೇ ಹೇಳಿದ್ರ, ಅಳೂದು ಒಂದ ಸಲಕ್ಕ ಮುಗೀತಿತ್ತಲ್ರಿ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟಳು. ಅಂದು ರಾತ್ರಿ ನನಗೆ ಏಟು ಬೀಳುವುದೆಂದೇ ಕಾದಿದ್ದೆ. ಬೀಳಲಿಲ್ಲ. "ಸಾಲ್ಯಾಗ ಏನರ ಅನ್ನು. ಮನ್ಯಾಗ ಬ್ಯಾಡ" ಅಂದಳು, ಅಷ್ಟೆ. ಓದುಬರಹ ಬಾರದ ಮುದುಕಿಗೆ ಅಷ್ಟಾದರೂ ತಿಳಿಯಿತು. ಇದನ್ನು ನಾನು ಇಂದಿಗೂ ಶಿವನ ಉಪಕಾರದಲ್ಲಿ ಎಣಿಸುತ್ತೇನೆ. ತಿಳಿಯದೆ ಹೋದದ್ದು, ಅಲ್ಲ, ತಿಳಿದೂ ತಿಳಿಯದ ಹಾಗೆ ಇದ್ದದ್ದು, ತಲೆಗೆ ರುಮಾಲು ಸುತ್ತಿದ ಗಂಡಸರು.

ವರ್ಷದ ಪರೀಕ್ಷೆಗೆ ದಿಪೋಟಿ ಸಾಹೇಬರು ಬಂದರು. ಸಾಲಿಗಳನ್ನು ತಪಾಸ ಮಾಡುವ ದೊಡ್ಡ ಅಧಿಕಾರಿ. ಅವರು ಚಲೋ ಬರೆದರೆ ನಮಗೆ ಮೇಲಿನ ಇಯತ್ತೆ, ಅಂದರೆ ಮುಂದಿನ ತರಗತಿ, ಕೊಡುತ್ತಾರೆ, ಇಲ್ಲದಿದ್ದರೆ ಅಕ್ಕೋರ ನೌಕರಿಗೇ ಕುತ್ತು ಎಂದು ನಮಗೆಲ್ಲ ಗೊತ್ತಿತ್ತು. ಅಕ್ಕೋರು ಅಂದು ನಶ್ಯ ಏರಿಸಲಿಲ್ಲ. ನೆಲ ತಾವೇ ಸಾರಿಸಿದ್ದರು. ಎರಡು ಕುರ್ಚಿ ಹಾಕಿದ್ದರು: ಒಂದು ಸಾಹೇಬರಿಗೆ, ಒಂದು ಸಾಲಿ ಕಮಿಟಿಯ ಹಿರಿಯರಾದ ಸಾವಕಾರರಿಗೆ.

ಬೇರೀಜು ಕೇಳಿದರು, ಹೇಳಿದೆವು. ಮಗ್ಗಿ ಕೇಳಿದರು, ಹೇಳಿದೆವು. ಸಾಹೇಬರ ಮೀಸೆ ಅರಳಿತು. ಕಡೆಗೆ ಗಂಗಿಯ ಕಡೆ ಬೆರಳು ಮಾಡಿ, "ನೀ ಹೇಳವಾ. ಒಂಬತ್ತರಾಗ ಒಂಬತ್ತು ಕಳದ್ರ ಏನು ಉಳೀತದ?" ಅಂದರು.

ಗಂಗಿ ನನ್ನ ಬಾಜೂ ಇದ್ದಳು. ಪ್ರಶ್ನೆ ಮುಗಿಯುವುದರೊಳಗೆ ಅವಳು ಪಾಟಿಯ ಮೇಲೆ ದುಂಡಗೆ ಸೊನ್ನೆ ಬರೆದದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ. ಬಾಯಿ ಬಿಡಬೇಕೆಂದು ತಲೆ ಎತ್ತಿದಳು. ಎತ್ತಿದರೆ ಎದುರಿಗೇ ಅವಳ ಅಪ್ಪ. ಸಾವಕಾರರು ಹುಬ್ಬು ಗಂಟಿಕ್ಕಿ ಮಗಳನ್ನೇ ನೋಡುತ್ತಿದ್ದರು. ಪಾಟಿ ಮೆಲ್ಲಗೆ ನೆಲಕ್ಕಿಟ್ಟಳು.

"ಹೆಚ್ಚಾತ್ರಿ" ಅಂದಳು.

ಸಾಹೇಬರು ನಕ್ಕರು ನಕ್ಕರು, ರುಮಾಲು ಅಲುಗಾಡುವತನಕ ನಕ್ಕರು. "ಏನ್ರಿ ಅಕ್ಕೋರ, ನಿಮ್ಮ ಸಾಲಿಯೊಳಗ ವಜಾಬಾಕಿ ಮಾಡಿದ್ರ ಹೆಚ್ಚಾಗ್ತದೇನು? ಹಂಗಾದ್ರ ನನ್ನ ಪಗಾರಾನೂ ಸ್ವಲ್ಪ ಕಳೀರಿ!"

ಅಕ್ಕೋರು ನಗಲಿಲ್ಲ, ಅಳಲಿಲ್ಲ. "ಸಾಹೇಬ್ರ, ಹುಡುಗಿಗೆ ಉತ್ತರ ಬರ್ತೈತಿ. ಪಾಟಿ ನೋಡ್ರಿ. ಅವರ ಮನ್ಯಾಗ ಇಲ್ಲ ಅನ್ನೂ ಮಾತು ಆಡಿದ್ರ ಹೊಡಿತಾರ. ಅದಕ್ಕ ಹೆದರಿ ಹಂಗಂದಾಳ. ಖರೆ ಸುಳ್ಳು ಸಾವಕಾರ್ರನ್ನ ಕೇಳ್ರಿ, ಇಲ್ಲೇ ಅದಾರ."

ಎಲ್ಲರೂ ಸಾವಕಾರರ ಕಡೆ ತಿರುಗಿದೆವು. ಒಂದು ಮಾತು. ಹೌದ್ರಿ, ನಮ್ಮ ಮನ್ಯಾಗ ಆ ರೂಢಿ ಐತ್ರಿ. ಅಷ್ಟು ಅಂದಿದ್ದರೆ ಸಾಕಿತ್ತು. ಅವರ ಶೇಂಗಾ ವ್ಯಾಪಾರವೇನೂ ಮುಳುಗುತ್ತಿರಲಿಲ್ಲ. ಆದರೆ ಧಾರವಾಡದ ಸಾಹೇಬರ ಮುಂದೆ, ನಾವು ಹಿಂಥಾ ಮಂದಿ, ಹೆಣ್ಣು ಕೂಸಿನ ಬಾಯಿಯ ಮೇಲೆ ಹೊಡೆಯುವವರು ಎಂದು ತೋರಿಸಿಕೊಳ್ಳುವುದು ಹೇಗೆ? ಶಾಲು ಹೆಗಲ ಮೇಲೆ ಸರಿಮಾಡಿಕೊಂಡರು.

"ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ ಸಾಹೇಬ್ರ" ಅಂದರು.

ಇಲ್ಲ! ಮಗಳ ಬಾಯಲ್ಲಿ ಬಂದರೆ ಮನೆ ಹಾಳಾಗುವ ಮಾತು ಅಪ್ಪನ ಬಾಯಿಂದ ಎಷ್ಟು ಸಲೀಸಾಗಿ ಬಂತು. ಲಕ್ಷ್ಮಿ ಅಂದು ಕಿವಿ ಮುಚ್ಚಿಕೊಂಡಿದ್ದಳೋ ಏನೋ. ಸಾಹೇಬರೂ ಅಷ್ಟೇ, ಪಾಟಿ ಅವರ ಕಾಲ ಹತ್ತಿರವೇ ಇತ್ತು, ಸ್ವಲ್ಪ ಬಗ್ಗಿದ್ದರೆ ಸೊನ್ನೆ ಕಾಣಿಸುತ್ತಿತ್ತು. ಅಷ್ಟು ದೊಡ್ಡ ಮನುಷ್ಯರು ಅಷ್ಟು ಸಣ್ಣ ಹುಡುಗಿಯ ಪಾಟಿಗೆ ಬಗ್ಗುವುದುಂಟೆ?

ಅಕ್ಕೋರಿಗೆ ಕಳೆಯುವ ಲೆಕ್ಕ ಕಲಿಸಲಿಕ್ಕೆ ಬರುವುದಿಲ್ಲ ಎಂದಾಯಿತು. ಇತ್ತ ಓಣಿಯ ಹೆಂಗಸರು, ಮಕ್ಕಳಿಗೆ ಇಲ್ಲ ಅನ್ನುವುದನ್ನು ಕಲಿಸಿ ಅಪಶಕುನ ಮಾಡುತ್ತಾಳೆ ಅಂದರು. ಕಲಿಸಲಿಲ್ಲವೆಂದು ಅವರು, ಕಲಿಸಿದಳೆಂದು ಇವರು. ಎರಡೂ ತಪ್ಪು ಒಬ್ಬಳದೇ ಆಗಲಿಕ್ಕೆ ಹೇಗೆ ಬರುತ್ತದೆ ಎಂದು ಆ ಊರಲ್ಲಿ ಒಬ್ಬನೂ ಕೇಳಲಿಲ್ಲ. ಅವರನ್ನು ಬೇರೊಂದು ಹಳ್ಳಿಗೆ, ಇನ್ನೂ ಒಂದನೇ ಇಯತ್ತೆಗೂ ಬಾರದ ಬಿಗರಿ ಹುಡುಗರ ಮೂಗು ಒರೆಸಲಿಕ್ಕೆ ಕಳಿಸಿದರು. ನಮ್ಮ ಸಾಲಿಗೆ ಗಂಡಸು ಮಾಸ್ತರರು ಬಂದರು. ಗಂಡಸರ ಮುಂದೆ ದೊಡ್ಡ ಹುಡುಗಿಯರು ಕೂರುವುದು ಹೇಗೆಂದು ಅಪ್ಪಂದಿರು ಒಬ್ಬೊಬ್ಬರಾಗಿ ನಮ್ಮನ್ನು ಬಿಡಿಸಿದರು. ನನ್ನ ಭಾಗಾಕಾರ ಅರ್ಧಕ್ಕೆ ನಿಂತಿತು. ಮುಂದೆ ಒಂದು ಸೀಗಿ ಹುಣ್ಣಿಮೆಯ ಹೊತ್ತಿಗೆ ಸಾವಕಾರರ ಮನೆಗೆ ಹೋದರೆ, ಗೌರಿಯ ಮುಂದೆ ಕಟ್ಟಿಗೆಯ ಹಣ್ಣು ಅಲಂಕಾರಕ್ಕೆಂದು ಆರಾಸ ಇಟ್ಟಿದ್ದರು. ಮಾವಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

ಹೊರಟ ದಿನ ಅಕ್ಕೋರು ಚಕ್ಕಡಿ ಹತ್ತುವ ಮೊದಲು ಗಂಗಿಯನ್ನು ಕರೆದರು. ಅವಳು ನನ್ನ ಬೆನ್ನ ಹಿಂದೆ ಅಡಗಿದ್ದಳು. "ಬಾ ಇಲ್ಲಿ. ನೀ ಪಾಟಿ ಮ್ಯಾಲ ಖರೇನ ಬರದಿ. ನಾ ನೋಡೇನಿ. ನಿನಗ ಲೆಕ್ಕ ಬರ್ತೈತಿ, ಯಾರರ ಬರೂದಿಲ್ಲ ಅಂದ್ರ ನಂಬಬ್ಯಾಡ" ಅಂದರು. ಎಲ್ಲ ಕಳೆದುಕೊಂಡು ಹೊರಟವರು ಆಡಿದ ಮಾತು ಅದು. ಗಂಗಿ ಈಗ ಕೊಲ್ಲಾಪುರದ ಕಡೆ ಮಕ್ಕಳು ಮರಿ ಮಾಡಿಕೊಂಡಿದ್ದಾಳೆ. ಆ ಮಾತು ಅವಳಿಗೂ ನೆನಪಿರಲಿಕ್ಕೇ ಬೇಕು.

ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ಒಂದೇ ಸಲ ಅವರನ್ನು ಕಂಡೆ. ಗೋಕಾವಿಯ ಸಂತೆಯಲ್ಲಿ. ಹಣ್ಣಾಗಿದ್ದರು, ಕೈಯಲ್ಲಿ ಖಡು ಇರಲಿಲ್ಲ, ನಶ್ಯದ ಡಬ್ಬಿ ಇತ್ತು. ಕಾಲಿಗೆ ಬಿದ್ದೆ. ಗುರುತು ಹಿಡಿದು, ಮೊದಲು ಕೇಳಿದ್ದು ಮಕ್ಕಳೆಷ್ಟು ಎಂದಲ್ಲ.

"ಭಾಗಾಕಾರ ಮುಗಸಿದೇನ?"

"ಇಲ್ರಿ ಅಕ್ಕೋರ."

"ಇಲ್ಲ ಅನ್ನಾಕರ ಕಲತಿ" ಎಂದು ನಕ್ಕರು. ಒಂದು ಕಟ್ಟೆಯ ಮೇಲೆ ನನ್ನನ್ನು ಕೂಡಿಸಿಕೊಂಡು, ಸಂತೆಯ ಗದ್ದಲದಲ್ಲೇ ಪಾಠ ಸುರುಮಾಡಿದರು. "ರೊಟ್ಟಿ ಹಂಚತೀಯಲ್ಲ, ಅದ ಭಾಗಾಕಾರ. ಹಂಚಿ ಉಳಿದದ್ದಕ್ಕ ಶೇಷ ಅಂತಾರ. ನಿಮ್ಮ ಮನ್ಯಾಗ ಶೇಷ ಯಾರ ಪಾಲಿಗೆ?"

"ನನ್ನ ಪಾಲಿಗ್ರಿ. ಎಲ್ಲಾರದೂ ಉಂಡಾದ ಮ್ಯಾಲ ಉಳದ್ರ."

"ಉಳೀಲಿಲ್ಲಂದ್ರ?"

ನಾನು ಸಂತೆಯ ಚೀಲದ ಬಾಯಿ ಕಟ್ಟತೊಡಗಿದೆ.

"ಲೆಕ್ಕ ತಪ್ಪೇತಿ. ಮನ್ಯಾಗ ಎಷ್ಟ ಮಂದಿ ಅಂತ ಎಣಸೂಮುಂದ ನಿನ್ನ ಬಿಟ್ಟಿ. ನಿನ್ನೂ ಹಿಡದು ಎಣಸು, ಆಮ್ಯಾಲ ಭಾಗಿಸು" ಅಂದರು. ಅಂದು, ಗಟ್ಟಿಯಾಗಿ ಸೀನಿದರು.

ಅಂದಿನಿಂದ ಹಿಟ್ಟು ತೆಗೆಯುವಾಗ ನನ್ನನ್ನೂ ಹಿಡಿದು ತೆಗೆಯುತ್ತೇನೆ. ಹೊಟ್ಟೆ ತುಂಬ ಉಂಡು ಮಲಗುತ್ತೇನೆ. ಇದು ಅವರ ಋಣ. ಸಭೆ ಮಾಡಿ, ಹಾರ ಹಾಕಿ ತೀರಿಸುವಂಥದ್ದಲ್ಲ.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ಕೈ ರೊಟ್ಟಿ ಬಡಿಯುತ್ತಿತ್ತು. ತಮ್ಮನಿಗೆ ಬಿಸಿ ಬಿಸಿ ಹಾಕಿದೆ, ಬದನೆಕಾಯಿ ಪಲ್ಯ ಹಾಕಿದೆ. ಹಸಿದಿದ್ದ, ಉಂಡ. ಸಭೆಯಲ್ಲಿ ಇನ್ನೇನಂದರು ಎಂದು ನಾನು ಕೇಳಲಿಲ್ಲ. ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಬೆರಳಿಗೆ ತಳ ತಾಗಿತು.

ಅತ್ತೆ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಬೀಗರ ಹುಡುಗಗ ಇನ್ನೆರಡ ಹಾಕವಾ. ಹಿಟ್ಟು ಐತೊ, ಹೆಚ್ಚಾತೊ?"

ದೀಪಕ್ಕೆ ನಾನೂ ದೊಡ್ಡದು ಮಾಡು ಅಂತಲೇ ಅನ್ನುತ್ತೇನೆ. ದೇವರ ಮುಂದಿನ ಮಾತು, ಇರಲಿ. ಆದರೆ ಅಂದು 'ಹೆಚ್ಚಾತು' ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಈ ಮನೆಗೆ ಬಂದಾಗಿನಿಂದ ಅವರೆದುರು ಒಮ್ಮೆಯೂ ಅನ್ನದ್ದನ್ನು ಅಂದೆ.

"ಇಲ್ರಿ ಅತ್ತಿ. ಹಿಟ್ಟು ತೀರೇತಿ. ನಮ್ಮ ಅಕ್ಕೋರೂ ಇಲ್ರಿ."

ಅತ್ತೆ ಡಬ್ಬಿ ನೋಡಿದರು. ನನ್ನ ಮುಖ ನೋಡಿದರು. ನನ್ನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಕ್ಕೆ ಕೈಯೆಲ್ಲ ಹಿಟ್ಟು. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೋಲು ಗೋಡೆಗೆ ಆನಿಸಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬೀಸುವ ಕಲ್ಲಿನ ಒಂದು ಬದಿಗೆ ಕೂತರು.

"ಇಲ್ಲಂದ್ರ ಬೀಸಬೇಕಲ್ಲವಾ. ಜ್ವಾಳಾ ತಗೊಂಬಾ" ಅಂದರು.

ನಾನು ಮೊರದಲ್ಲಿ ಜೋಳ ತಂದು, ಕಲ್ಲಿನ ಬಾಯಿಗೆ ಮೊದಲ ಹಿಡಿ ಹಾಕಿ, ಎದುರಿಗೆ ಕೂತು ಗೂಟ ಹಿಡಿದೆ.